ಧ್ವನಿಮತದಲ್ಲಿ ಕಳೆದುಹೋದ ಹೆಸರುಗಳು

2020ರ ಡಿಸೆಂಬರ್ 8ರಂದು ಕರ್ನಾಟಕ ವಿಧಾನ ಪರಿಷತ್ತಿನಲ್ಲಿ ಭೂಸುಧಾರಣಾ ತಿದ್ದುಪಡಿ ಮಸೂದೆ ಮತಕ್ಕೆ ಬಂತು. ಪರವಾಗಿ 37, ವಿರುದ್ಧವಾಗಿ 21. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ದಶಕಗಳ ಕಾಲ ತಡೆದಿದ್ದ 79ಎ, 79ಬಿ ಕಲಮುಗಳು ಇಲ್ಲವಾದವು. ಮೊದಲು ಮಸೂದೆಯನ್ನು ವಿರೋಧಿಸಿದ್ದ ಜೆಡಿಎಸ್ ಅಂದು ಆಡಳಿತ ಪಕ್ಷದ ಜೊತೆ ಮತ ಹಾಕಿತು. ಬೆಂಗಳೂರಿನ ಬೀದಿಗಿಳಿದಿದ್ದ ರೈತರು ಆ ಪಕ್ಷವನ್ನು ನೇರವಾಗಿ ಪ್ರಶ್ನಿಸಿದರು, ಪಕ್ಷದ ನಾಯಕರು ತಮ್ಮ ನಿಲುವು ಬದಲಾದುದಕ್ಕೆ ಕಾರಣ ಕೊಡಬೇಕಾಯಿತು. ಸರಿಯಾಗಿ ಎರಡು ತಿಂಗಳಿಗೆ, 2021ರ ಫೆಬ್ರವರಿ 8ರಂದು, ಅದೇ ಪರಿಷತ್ತಿಗೆ ಜಾನುವಾರು ಹತ್ಯೆ ಪ್ರತಿಬಂಧಕ ಮಸೂದೆ ಬಂತು. ಮತ ವಿಭಜನೆ ಆಗಲಿ ಎಂದು ವಿರೋಧ ಪಕ್ಷದವರು ಪಟ್ಟು ಹಿಡಿದರು, ಬಾವಿಗಿಳಿದರು, ಕಾಗದ ಹರಿದರು. ಆ ಗದ್ದಲದ ನಡುವೆಯೇ ಮಸೂದೆ ಧ್ವನಿಮತದಿಂದ ಅಂಗೀಕಾರವಾಯಿತೆಂದು ಪೀಠದಿಂದ ಘೋಷಣೆ ಬಂತು. ಎಷ್ಟು ಜನ ಹೌದೆಂದರು, ಎಷ್ಟು ಜನ ಇಲ್ಲವೆಂದರು, ಯಾರು ಬಾಯಿ ಮುಚ್ಚಿ ಕುಳಿತಿದ್ದರು ಎಂಬುದಕ್ಕೆ ಲೆಕ್ಕವಿಲ್ಲ.

ನಮ್ಮ ಶಾಸನಸಭೆಗಳಲ್ಲಿ ಎರಡನೆಯದೇ ರೂಢಿ, ಮೊದಲನೆಯದು ಅಪರೂಪ. ತನ್ನ ಕ್ಷೇತ್ರದ ಶಾಸಕ ಭಾಷಣದಲ್ಲಿ ಏನು ಹೇಳಿದ, ಎಷ್ಟು ದಿನ ಹಾಜರಿದ್ದ, ಎಷ್ಟು ಪ್ರಶ್ನೆ ಕೇಳಿದ ಎಂಬುದೆಲ್ಲ ಮತದಾರನಿಗೆ ಹುಡುಕಿದರೆ ಸಿಗುತ್ತದೆ. ಆದರೆ ಕಾನೂನು ಮಾಡುವ ಗಳಿಗೆಯಲ್ಲಿ ಆತ ಯಾವ ಕಡೆ ಇದ್ದ ಎಂಬುದು ಮಾತ್ರ ಬಹುಪಾಲು ಸಿಗುವುದಿಲ್ಲ. ಇದಕ್ಕೆ ಪಕ್ಷಾಂತರ ನಿಷೇಧ ಕಾಯ್ದೆಯೇ ಕಾರಣವೆಂದು ಹೇಳುವವರು ಬಹಳ. ಆ ಕಾಯ್ದೆಗೆ ಪಾಲಿದೆ, ಆದರೆ ಮೂಲ ಅದಲ್ಲ. ಹೆಸರು ಬರೆದಿಡುವ ಪದ್ಧತಿ ನಮ್ಮಲ್ಲಿತ್ತು. ಅದನ್ನು ಬಳಸದೆ ಬಿಟ್ಟದ್ದು ಸದನಗಳೇ. ಯಾವ ಪಕ್ಷ ಆಡಳಿತದಲ್ಲಿದ್ದರೂ ಅದಕ್ಕೆ ಈ ಮರೆವು ಅನುಕೂಲವಾಗಿತ್ತು.

ಮೈಸೂರಿನ ಪ್ರಜಾಪ್ರತಿನಿಧಿ ಸಭೆಯನ್ನು ಇಲ್ಲಿ ನೆನೆಯಬೇಕು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್‌ನಲ್ಲಿ, 144 ಪ್ರತಿನಿಧಿಗಳೊಂದಿಗೆ ಅದು ಮೊದಲ ಬಾರಿಗೆ ಸೇರಿತು. ಅದಕ್ಕೆ ಮತ ಹಾಕುವ ಅಧಿಕಾರವೇ ಇರಲಿಲ್ಲ. ದಿವಾನರು ಆಡಳಿತದ ವರದಿ ಓದುತ್ತಿದ್ದರು, ಪ್ರತಿನಿಧಿಗಳು ತಮ್ಮ ಸೀಮೆಯ ಕೆರೆ, ರಸ್ತೆ, ಕಂದಾಯದ ಅಹವಾಲು ಮುಂದಿಡುತ್ತಿದ್ದರು, ಸರ್ಕಾರ ಉತ್ತರ ಕೊಡುತ್ತಿತ್ತು. ಅದೆಲ್ಲ ನಡಾವಳಿಯಾಗಿ ಅಚ್ಚಾಗುತ್ತಿತ್ತು. 1907ರಲ್ಲಿ ಶಾಸನ ಪರಿಷತ್ತು ಬಂತು. 1923ರ ಸುಧಾರಣೆಯ ನಂತರವೇ ಪ್ರಜಾಪ್ರತಿನಿಧಿ ಸಭೆಗೆ ಶಾಸನಬದ್ಧ ಸ್ಥಾನ ಸಿಕ್ಕಿದ್ದು. ಅಂದರೆ ನಮ್ಮ ಮೊದಲ ಪ್ರತಿನಿಧಿಗಳಿಗೆ ದಾಖಲೆ ಇತ್ತು, ಮತ ಇರಲಿಲ್ಲ. ಈಗಿನವರಿಗೆ ಮತವಿದೆ, ದಾಖಲೆ ಇಲ್ಲ. ಬ್ರಿಟಿಷ್ ಇಂಡಿಯಾದ ಕೇಂದ್ರ ಶಾಸನಸಭೆಯಲ್ಲಂತೂ ಎರಡೂ ಇದ್ದವು. ಅದರ ನಡಾವಳಿಯ ಪುಟಗಳಲ್ಲಿ ಪ್ರತಿ ಮತ ವಿಭಜನೆಯ ಕೆಳಗೆ ಪರ, ವಿರೋಧ ಎಂದು ಎರಡು ಪಟ್ಟಿ ಮಾಡಿ ಸದಸ್ಯರ ಹೆಸರು ಅಚ್ಚು ಹಾಕಿದ್ದಾರೆ. 1928ರಲ್ಲಿ ಸಾರ್ವಜನಿಕ ಸುರಕ್ಷಾ ಮಸೂದೆಗೆ ಎರಡೂ ಕಡೆ 61 ಮತ ಬಿದ್ದಾಗ ಅಧ್ಯಕ್ಷ ವಿಠ್ಠಲಭಾಯಿ ಪಟೇಲರು ತಮ್ಮ ನಿರ್ಣಾಯಕ ಮತದಿಂದ ಅದನ್ನು ಬೀಳಿಸಿದರು. ಸರ್ಕಾರದಿಂದ ನಾಮಕರಣಗೊಂಡವರು ಯಾರ ಪರ ಕೈಯೆತ್ತಿದರು, ಚುನಾಯಿತರಲ್ಲಿ ಯಾರು ಸರ್ಕಾರದ ಜೊತೆ ಹೋದರು ಎಂಬುದು ಆ ಪಟ್ಟಿಗಳಿಂದ ಇಂದಿಗೂ ತಿಳಿಯುತ್ತದೆ. ಪರಾಧೀನ ಸಭೆಯೊಂದು ಇಷ್ಟು ಮಾಡಿತ್ತು ಎಂಬುದು ನಮ್ಮನ್ನು ಕಾಡಬೇಕಾದ ಸಂಗತಿ.

ಸ್ವಾತಂತ್ರ್ಯ ಬಂದ ಮೇಲೆ ಈ ರೂಢಿ ಒಮ್ಮೆಗೇ ಸಾಯಲಿಲ್ಲ. 1951ರ ಮೊದಲ ಸಂವಿಧಾನ ತಿದ್ದುಪಡಿ ತಾತ್ಕಾಲಿಕ ಸಂಸತ್ತಿನಲ್ಲಿ 228–20ರಿಂದ ಅಂಗೀಕಾರವಾಯಿತು. ವಾಕ್ ಸ್ವಾತಂತ್ರ್ಯಕ್ಕೆ ಹೊಸ ಮಿತಿ ಹಾಕುವುದನ್ನು ಶ್ಯಾಮಪ್ರಸಾದ ಮುಖರ್ಜಿ ಅಂಥವರು ಸದನದಲ್ಲೇ ಎದುರಿಸಿದರು. 1957ರ ಹೊತ್ತಿಗೆ ಲೋಕಸಭೆಗೆ ಗುಂಡಿ ಒತ್ತಿ ಮತ ಹಾಕುವ ಯಂತ್ರ ಬಂತು. 1970ರ ಸೆಪ್ಟೆಂಬರ್‌ನಲ್ಲಿ ರಾಜಧನ ರದ್ದತಿಯ ಮಸೂದೆ ರಾಜ್ಯಸಭೆಯಲ್ಲಿ ಬಿದ್ದುಹೋದದ್ದು ಒಂದು ಪೂರ್ತಿ ಮತದ ಕೊರತೆಯಿಂದಲೂ ಅಲ್ಲ: ಪರ 149, ವಿರೋಧ 75, ಬೇಕಿದ್ದದ್ದು ಮೂರನೇ ಎರಡು ಪಾಲು. ಅಂದು ಒಬ್ಬೊಬ್ಬ ಸದಸ್ಯನ ಮತಕ್ಕೂ ತೂಕವಿತ್ತು. ಆದರೆ ಇವೆಲ್ಲ ಸಂವಿಧಾನ ತಿದ್ದುಪಡಿಗಳು ಎಂಬುದನ್ನು ಗಮನಿಸಿ. 368ನೇ ವಿಧಿ ವಿಶೇಷ ಬಹುಮತ ಕೇಳುತ್ತದೆ, ಎಣಿಸದೆ ವಿಧಿಯಿಲ್ಲ. ಸಾಮಾನ್ಯ ಮಸೂದೆಗೆ ಆ ಕಟ್ಟು ಇಲ್ಲ. ತೆರಿಗೆ, ಭೂಮಿ, ಶಿಕ್ಷಣ, ಪೊಲೀಸು, ಮಾರುಕಟ್ಟೆ, ಹೀಗೆ ಜನರ ದಿನದ ಬದುಕನ್ನು ಮುಟ್ಟುವ ಕಾನೂನುಗಳೇ ಬಹುತೇಕ ‘ಹೌದು’ಗಳ ಗದ್ದಲದಲ್ಲಿ ಪಾಸಾಗುತ್ತ ಬಂದವು. ಪಕ್ಷಾಂತರ ನಿಷೇಧಕ್ಕೂ ಬಹಳ ಮೊದಲಿನಿಂದಲೇ.

ಇನ್ನು ಆ ಕಾಯ್ದೆಯ ವಿಷಯ. 1967ರ ಚುನಾವಣೆಯ ನಂತರದ ಒಂದೇ ವರ್ಷದಲ್ಲಿ ದೇಶದಲ್ಲಿ 438 ಪಕ್ಷಾಂತರಗಳಾದವು. ಏಳು ರಾಜ್ಯಗಳಲ್ಲಿ ಪಕ್ಷ ಬಿಟ್ಟ ಸುಮಾರು 210 ಶಾಸಕರಲ್ಲಿ 116 ಮಂದಿ ತಾವೇ ತಂದ ಸರ್ಕಾರಗಳಲ್ಲಿ ಮಂತ್ರಿಗಳಾದರು. ಈ ಪಿಡುಗಿನ ವಿಚಾರಣೆಗೆ ಸಮಿತಿ ಬೇಕೆಂದು ಲೋಕಸಭೆಯಲ್ಲಿ ಖಾಸಗಿ ನಿರ್ಣಯ ಮಂಡಿಸಿದವರು ಪಿ. ವೆಂಕಟಸುಬ್ಬಯ್ಯ, ಅದರಿಂದಲೇ ಗೃಹಮಂತ್ರಿ ವೈ.ಬಿ. ಚವಾಣ್ ಅವರ ಸಮಿತಿ ಹುಟ್ಟಿತು. 1985ರಲ್ಲಿ 52ನೇ ತಿದ್ದುಪಡಿಯಾಗಿ ಹತ್ತನೇ ಅನುಸೂಚಿ ಬಂದಾಗ ಅದು ಪಕ್ಷ ಬಿಡುವುದನ್ನಷ್ಟೇ ನಿಷೇಧಿಸಲಿಲ್ಲ, ಪಕ್ಷದ ವಿಪ್ ಮೀರಿ ಮತ ಹಾಕುವುದನ್ನೂ, ಮತ ಹಾಕದೆ ಉಳಿಯುವುದನ್ನೂ ಸದಸ್ಯತ್ವ ಕಳೆಯುವ ಅಪರಾಧ ಮಾಡಿತು. ಸರ್ಕಾರ ಉರುಳಿಸುವ ಮತಕ್ಕೂ ಮೀನುಗಾರಿಕೆಯ ಮಸೂದೆಯ ಮೇಲಿನ ಮತಕ್ಕೂ ಅಲ್ಲಿ ವ್ಯತ್ಯಾಸವಿಲ್ಲ. ವಿಶ್ವಾಸಮತದಂಥ ಕೆಲವೇ ಮತಗಳಿಗಷ್ಟೇ ಇದು ಅನ್ವಯವಾಗಲಿ ಎಂದು 1990ರಲ್ಲಿ ದಿನೇಶ್ ಗೋಸ್ವಾಮಿ ಸಮಿತಿ ಹೇಳಿತು. 1992ರ ಕಿಹೊಟೊ ಹೊಲೊಹಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 3–2ರ ಬಹುಮತದಿಂದ ಕಾಯ್ದೆಯನ್ನು ಎತ್ತಿಹಿಡಿದರೂ, ವಿಪ್ಪಿನ ಬಳಕೆಗೆ ಮಿತಿ ಇರಬೇಕೆಂದು ಸೂಚಿಸಿತು. ಎರಡೂ ಮಾತು ಕಾನೂನಿಗೆ ಇಳಿಯಲಿಲ್ಲ.

ಕಾಯ್ದೆ ತಾನು ತಡೆಯಹೊರಟದ್ದನ್ನು ತಡೆಯಿತೇ? ಕರ್ನಾಟಕದ ಚರಿತ್ರೆ ಬೇರೆ ಕಥೆ ಹೇಳುತ್ತದೆ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಬೆಂಬಲ ಹಿಂತೆಗೆದಿರುವುದಾಗಿ 19 ಶಾಸಕರ ಪತ್ರಗಳು ರಾಜ್ಯಪಾಲರ ಕೈಸೇರಿದವು. ಅದರ ಬೆನ್ನಲ್ಲೇ ಅವರಲ್ಲಿ ಏಳು ಮಂದಿ, ತಮ್ಮ ಸಹಿಯನ್ನು ತಪ್ಪು ಹೇಳಿ ಪಡೆಯಲಾಗಿದೆ, ತಾವು ಸರ್ಕಾರದ ಜೊತೆಗಿದ್ದೇವೆ ಎಂದು ಬರೆದರು. ಸದನದಲ್ಲಿ ಬಹುಮತ ತೋರಿಸುತ್ತೇನೆಂದು ಬೊಮ್ಮಾಯಿ ಕೇಳಿಕೊಂಡರೂ ಅವಕಾಶ ಸಿಗಲಿಲ್ಲ. ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದ ರಾಜ್ಯಪಾಲರು, 1967ರಲ್ಲಿ ಪಕ್ಷಾಂತರದ ವಿರುದ್ಧ ನಿರ್ಣಯ ಮಂಡಿಸಿದ್ದ ಅದೇ ವೆಂಕಟಸುಬ್ಬಯ್ಯ. ಐದು ವರ್ಷದ ಬಳಿಕ, 1994ರ ಮಾರ್ಚ್ 11ರಂದು, ಸುಪ್ರೀಂ ಕೋರ್ಟು ಬಹುಮತದ ಪರೀಕ್ಷೆಗೆ ಸದನವೇ ಸರಿಯಾದ ಜಾಗವೆಂದು ತೀರ್ಪಿತ್ತಿತು. ಆ ತೀರ್ಪನ್ನು ನಾವು ಒಕ್ಕೂಟ ವ್ಯವಸ್ಥೆಯ ಕೋನದಿಂದ ಓದುತ್ತೇವೆ, ಅದು ಸರಿಯೇ. ಆದರೆ ಅದರೊಳಗೆ ಇನ್ನೊಂದು ಪಾಠವಿದೆ. ಶಾಸಕನ ಪತ್ರ, ಹೇಳಿಕೆ, ಸಹಿ ಯಾವುದೂ ಅವನ ನಿಲುವಿಗೆ ಪುರಾವೆಯಲ್ಲ, ಎಲ್ಲರೆದುರು ಹಾಕಿದ ಮತವೊಂದೇ ಪುರಾವೆ. ಸರ್ಕಾರದ ಅಳಿವು ಉಳಿವಿನ ವಿಷಯದಲ್ಲಿ ಈ ತತ್ವ ಒಪ್ಪಿಗೆಯಾಯಿತು. ಕಾನೂನುಗಳ ವಿಷಯದಲ್ಲಿ ಯಾರೂ ಅದನ್ನು ಕೇಳಲೂ ಇಲ್ಲ.

ವಿಶ್ವಾಸಮತದಲ್ಲಿ ಕೂಡ ಪಾಠ ಮರೆತುಹೋಗುತ್ತಿತ್ತು. 2010ರ ಅಕ್ಟೋಬರ್ 11ರಂದು, 16 ಶಾಸಕರನ್ನು ಅನರ್ಹಗೊಳಿಸಿದ ಮೇಲೆ, ಯಡಿಯೂರಪ್ಪ ಸರ್ಕಾರ ಗದ್ದಲದ ನಡುವೆ ಧ್ವನಿಮತದಿಂದ ವಿಶ್ವಾಸ ಗೆದ್ದಿತೆಂದು ಘೋಷಣೆಯಾಯಿತು. ಯಾರೂ ನಂಬಲಿಲ್ಲ. ಮೂರು ದಿನ ಬಿಟ್ಟು ಮತ್ತೆ ಮತ ಎಣಿಸಬೇಕಾಯಿತು: 106–100. ಆ ಅನರ್ಹತೆಯನ್ನು ಮರುವರ್ಷ ಸುಪ್ರೀಂ ಕೋರ್ಟು ರದ್ದುಮಾಡಿತು. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತ ಬಂದಾಗ ಸದಸ್ಯರು ಸಾಲು ಸಾಲಾಗಿ ಎದ್ದು ನಿಂತರು, ಅಧಿಕಾರಿಗಳು ಒಂದೊಂದು ಸಾಲಿಗೂ ಹೋಗಿ ಎಣಿಸಿದರು: 99–105. ಲೆಕ್ಕದ ಬಗ್ಗೆ ಯಾರೂ ತಕರಾರು ಎತ್ತಲಿಲ್ಲ. ಆದರೆ ಆ ಸರ್ಕಾರವನ್ನು ಬೀಳಿಸಿದ ಶಾಸಕರು ವಿಪ್ ಮೀರಿ ಮತ ಹಾಕಿರಲಿಲ್ಲ; ರಾಜೀನಾಮೆ ಕೊಟ್ಟು ಸದನದಿಂದಲೇ ದೂರ ಉಳಿದಿದ್ದರು. 17 ಮಂದಿ ಅನರ್ಹರಾದರು, ಕೋರ್ಟು ಅನರ್ಹತೆಯನ್ನು ಒಪ್ಪಿದರೂ ಮತ್ತೆ ಸ್ಪರ್ಧಿಸಲು ಬಿಟ್ಟಿತು, ಹಲವರು ಗೆದ್ದು ಮಂತ್ರಿಗಳಾದರು. ಕುರ್ಚಿಗಾಗಿ ಪಕ್ಷ ಬಿಡುವವರಿಗೆ ದಾರಿ ಸಿಕ್ಕಿತು. ಮಸೂದೆಯೊಂದರ ಗುಣದೋಷ ನೋಡಿ ಪಕ್ಷಕ್ಕೆ ಇಲ್ಲವೆನ್ನಬಯಸುವವರಿಗೆ ಸಿಗಲಿಲ್ಲ.

ಇಲ್ಲೊಂದು ಬಲವಾದ ಆಕ್ಷೇಪವಿದೆ. ಜನ ಪಕ್ಷ ನೋಡಿ ಮತ ಹಾಕುತ್ತಾರೆ, ಶಾಸಕ ಪಕ್ಷದ ಮಾತಿಗೆ ಕಟ್ಟುಬಿದ್ದವನು. ವಿಪ್ ಇದ್ದ ಮೇಲೆ ಒಬ್ಬೊಬ್ಬನ ಮತ ಬರೆದಿಟ್ಟು ಪ್ರಯೋಜನವೇನು, ಪಕ್ಷದ ನಿಲುವು ಗೊತ್ತಿದ್ದರೆ ಸಾಲದೇ? ಸಾಲದು. ಪಕ್ಷದ ನಿಲುವಾದರೂ ಧ್ವನಿಮತದಲ್ಲಿ ಎಲ್ಲಿ ಗೊತ್ತಾಗುತ್ತದೆ? ಸದನದಲ್ಲಿ ಕೂಗಾಡಿ, ಸಭಾತ್ಯಾಗ ಮಾಡಿ, ಮಸೂದೆ ಪಾಸಾಗಲು ಬಿಟ್ಟು, ಹೊರಗೆ ಬಂದು ಎರಡೂ ಕಡೆಯವರಿಗೆ ಹಿತವಾಗುವಂತೆ ಹೇಳಿಕೆ ಕೊಡುವ, ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ರಾಜಕಾರಣಕ್ಕೆ ಧ್ವನಿಮತದಷ್ಟು ಅನುಕೂಲ ಬೇರೊಂದಿಲ್ಲ. 2020ರ ಡಿಸೆಂಬರ್‌ನಲ್ಲಿ ಜೆಡಿಎಸ್‌ನ ನಿಲುವು ಬದಲಾದದ್ದು ಜನರಿಗೆ ಕಣ್ಣಿಗೆ ಕಟ್ಟುವಂತೆ ತಿಳಿದದ್ದು ಎಣಿಕೆ ನಡೆದುದರಿಂದ. ಆ ಬದಲಾವಣೆ ಸರಿಯಿತ್ತೋ ತಪ್ಪಿತ್ತೋ ಎಂಬುದು ಬೇರೆ ಚರ್ಚೆ. ಅದನ್ನು ಅವರು ಸಮರ್ಥಿಸಿಕೊಳ್ಳಬೇಕಾಯಿತು ಎಂಬುದೇ ನನಗೆ ಮುಖ್ಯ. ಕೇಂದ್ರದ ಮೂರು ಕೃಷಿ ಕಾಯ್ದೆಗಳದ್ದು ಇದಕ್ಕೆ ವಿರುದ್ಧವಾದ ಉದಾಹರಣೆ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಮತ ವಿಭಜನೆಯ ಬೇಡಿಕೆ ಇದ್ದರೂ ಆಗಲಿಲ್ಲ. ಕೇಳಿದವರು ತಮ್ಮ ಜಾಗದಲ್ಲಿರಲಿಲ್ಲ ಎಂದು ಉಪಸಭಾಪತಿಗಳು, ಇದ್ದೆವೆಂದು ವಿರೋಧ ಪಕ್ಷದವರು. ವರ್ಷ ಕಳೆದು, 2021ರ ನವೆಂಬರ್ 29ರಂದು, ಆ ಕಾಯ್ದೆಗಳು ಚರ್ಚೆಯೂ ಇಲ್ಲದೆ ರದ್ದಾದವು. ಬಂದದ್ದೂ ಧ್ವನಿಮತದಿಂದ, ಹೋದದ್ದೂ ಧ್ವನಿಮತದಿಂದ. ದೆಹಲಿಯ ಗಡಿಯಲ್ಲಿ ವರ್ಷವಿಡೀ ಕುಳಿತ ರೈತರಿಗೆ ತಮ್ಮ ಸಂಸದ ಎರಡು ಸಲವೂ ಯಾವ ಕಡೆ ಇದ್ದನೆಂದು ತೋರಿಸುವ ಒಂದು ಹಾಳೆಯೂ ಇಲ್ಲ. ಇದು ಒಂದೇ ಪಕ್ಷದ ದೋಷವಲ್ಲ. 2014ರ ಫೆಬ್ರವರಿಯಲ್ಲಿ ತೆಲಂಗಾಣ ರಾಜ್ಯ ರಚನೆಯ ಮಸೂದೆ ಲೋಕಸಭೆಯಲ್ಲಿ ಧ್ವನಿಮತದಿಂದ ಪಾಸಾದಾಗ ನೇರಪ್ರಸಾರವೂ ನಿಂತುಹೋಗಿತ್ತು. ಆಗ ಆಡಳಿತದಲ್ಲಿದ್ದದ್ದು ಕಾಂಗ್ರೆಸ್.

ಯಾವ ಸದಸ್ಯನಾದರೂ ಮತ ವಿಭಜನೆ ಕೇಳಬಹುದಲ್ಲ, ಕೇಳದಿದ್ದರೆ ಒಪ್ಪಿದಂತೆಯೇ ಎಂಬ ಮಾತೂ ಇದೆ. ನಿಯಮವನ್ನು ಓದಿದರೆ ಇದು ನಿಲ್ಲುವುದಿಲ್ಲ. ಲೋಕಸಭೆಯ 367ನೇ ನಿಯಮದ ಪ್ರಕಾರ, ವಿಭಜನೆಯನ್ನು ಅನಗತ್ಯವಾಗಿ ಕೇಳಲಾಗಿದೆ ಎಂದು ಸ್ಪೀಕರ್‌ಗೆ ಅನ್ನಿಸಿದರೆ ಸದಸ್ಯರನ್ನು ಎದ್ದು ನಿಲ್ಲಿಸಿ ತಲೆ ಎಣಿಸಿ ಮುಗಿಸಬಹುದು. ಹಾಗೆ ಎಣಿಸಿದಾಗ ಮತ ಹಾಕಿದವರ ಹೆಸರು ದಾಖಲಾಗಬಾರದೆಂದು ಅದೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಹೆಸರು ಬರೆಯುವುದು ಪೀಠದ ಮರ್ಜಿಗೆ ಬಿಟ್ಟ ವಿಷಯವಾಯಿತು. ಅಮೆರಿಕದ ಸಂವಿಧಾನದಲ್ಲಿ ಹಾಜರಿರುವವರಲ್ಲಿ ಐದನೇ ಒಂದು ಪಾಲು ಸದಸ್ಯರು ಕೇಳಿದರೆ ಹೆಸರುಗಳನ್ನು ನಡಾವಳಿಗೆ ಸೇರಿಸಲೇಬೇಕು. ಬ್ರಿಟನ್ನಿನ ಕಾಮನ್ಸ್ ಸಭೆ 1836ರಿಂದ ಹೆಸರುಗಳ ಪಟ್ಟಿಯನ್ನು ತಾನೇ ಪ್ರಕಟಿಸುತ್ತಿದೆ. ಸಮಯ ಹಾಳಾಗುತ್ತದೆ ಎಂಬ ಆಕ್ಷೇಪಕ್ಕೆ ಹೆಚ್ಚು ಹೇಳಬೇಕಿಲ್ಲ. ಯಂತ್ರವಿದ್ದಲ್ಲಿ ನಿಮಿಷಗಳ ಕೆಲಸ, ಇಲ್ಲದಿದ್ದರೆ ಸಾಲುಗಳನ್ನು ಎಣಿಸಬಹುದು.

ಹೆಸರು ಹೊರಬಿದ್ದರೆ ಹಣವಂತರ, ಗುಂಪುಗಳ ಒತ್ತಡ ಶಾಸಕನ ಮೇಲೆ ಹೆಚ್ಚೀತು ಎಂಬ ಭಯ ಮಾತ್ರ ಗಂಭೀರವಾದದ್ದು. ಆದರೆ ಮತ ಯಾರಿಂದ ಮರೆಯಾಗಿದೆ ಎಂಬುದನ್ನು ನೋಡಿ. ರಾಜ್ಯಸಭಾ ಚುನಾವಣೆಯಲ್ಲಿ ಶಾಸಕ ತಾನು ಗುರುತು ಹಾಕಿದ ಮತಪತ್ರವನ್ನು ತನ್ನ ಪಕ್ಷದ ಏಜೆಂಟನಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕೆಂದು 2003ರ ನಂತರ ಕಾನೂನಿದೆ. 2006ರಲ್ಲಿ ಕುಲದೀಪ್ ನಯ್ಯರ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಿತು. ಅಂದರೆ ಶಾಸಕನ ಮತ ಪಕ್ಷಕ್ಕೆ ಕಾಣಬೇಕು, ಅವನನ್ನು ಆರಿಸಿದವರಿಗೆ ಕಾಣಬೇಕಿಲ್ಲ. ಒತ್ತಡ ತರಬಲ್ಲವರಿಗೆ ಅವನು ಎಲ್ಲಿ ನಿಂತನೆಂದು ಈಗಲೂ ಗೊತ್ತು. ಗೊತ್ತಿಲ್ಲದವನು ಮತದಾರ ಮಾತ್ರ.

ದಾಖಲೆಯಿಂದ ಭಿನ್ನಮತಕ್ಕೆ ಗೌರವವೂ ಬರುತ್ತದೆ. 2010ರ ಮಾರ್ಚ್ 9ರಂದು ರಾಜ್ಯಸಭೆ ಮಹಿಳಾ ಮೀಸಲಾತಿ ಮಸೂದೆಯನ್ನು 186–1ರಿಂದ ಅಂಗೀಕರಿಸಿತು. ಆ ಒಂದು ಮತ ಮಹಾರಾಷ್ಟ್ರದ ರೈತ ನಾಯಕ ಶರದ್ ಜೋಶಿಯವರದು. ಮೀಸಲು ಕ್ಷೇತ್ರಗಳು ಸರದಿಯಂತೆ ಬದಲಾಗುವ ಏರ್ಪಾಡನ್ನು ಅವರು ಒಪ್ಪಿರಲಿಲ್ಲ. ಅವರ ವಾದ ನನಗೆ ಒಪ್ಪಿಗೆಯಿಲ್ಲ. ಆದರೂ ಅದನ್ನು ಇಂದು ಹೆಸರಿಟ್ಟು ಚರ್ಚಿಸಲು, ಖಂಡಿಸಲು ಸಾಧ್ಯವಾಗಿರುವುದು ಸಂವಿಧಾನ ತಿದ್ದುಪಡಿ ಎಂಬ ಕಾರಣಕ್ಕೆ ಅಂದು ಎಣಿಕೆ ನಡೆದುದರಿಂದ. ನಮ್ಮ ಶಾಂತವೇರಿ ಗೋಪಾಲಗೌಡರ ಭೂಮಿಯ ನಿಲುವು, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬೇಕೆಂಬ ಪಟ್ಟು ನಮಗೆ ತಿಳಿದಿರುವುದು ಅವರ ಮಾತಿನ ಬಲದಿಂದ. ಅವರಷ್ಟು ಮಾತಿನ ಶಕ್ತಿ ಇಲ್ಲದ, ಆದರೆ ಒಂದು ಮಸೂದೆಗೆ ಅಳುಕದೆ ಇಲ್ಲವೆಂದಿರಬಹುದಾದ ಸಾಮಾನ್ಯ ಶಾಸಕನ ನಿಲುವು ಚರಿತ್ರೆಗೆ ಸಿಗುವ ದಾರಿ ಮತದ ಪಟ್ಟಿಯೊಂದೇ.

ಹತ್ತನೇ ಅನುಸೂಚಿಯನ್ನು ಬದಲಿಸಲು ಸಂಸತ್ತಿನ ಮೂರನೇ ಎರಡು ಪಾಲು ಬೇಕು, ಅದಕ್ಕೆ ಪಕ್ಷಗಳು ಒಪ್ಪುವ ಕಾಲ ಹತ್ತಿರದಲ್ಲಿ ಕಾಣುತ್ತಿಲ್ಲ. ಹೆಸರು ದಾಖಲಿಸಲು ಅಷ್ಟೆಲ್ಲ ಬೇಕಿಲ್ಲ. ರಾಜ್ಯ ಶಾಸನಸಭೆಗಳು ತಮ್ಮ ಕಾರ್ಯವಿಧಾನದ ನಿಯಮಗಳನ್ನು ತಾವೇ ಮಾಡಿಕೊಳ್ಳುವ ಅಧಿಕಾರವನ್ನು ಸಂವಿಧಾನದ 208ನೇ ವಿಧಿ ಕೊಟ್ಟಿದೆ. ಪ್ರತಿ ಮಸೂದೆಯನ್ನು ಅಂಗೀಕರಿಸುವ ಕೊನೆಯ ಪ್ರಸ್ತಾವಕ್ಕೆ ಮತ ವಿಭಜನೆ ಕಡ್ಡಾಯ, ಪರ, ವಿರೋಧ, ತಟಸ್ಥ, ಗೈರು ಎಂಬ ನಾಲ್ಕು ಪಟ್ಟಿಗಳು ಅಂದೇ ನಡಾವಳಿಯಲ್ಲಿ ಅಚ್ಚಾಗಬೇಕು ಎಂಬ ಒಂದು ನಿಯಮವನ್ನು ವಿಧಾನಸೌಧದ ಎರಡು ಸದನಗಳು ದೆಹಲಿಯನ್ನು ಕೇಳದೆ, ರಾಜ್ಯಪಾಲರ ಅಂಕಿತಕ್ಕೆ ಕಾಯದೆ, ಮುಂದಿನ ಅಧಿವೇಶನದಲ್ಲೇ ಸೇರಿಸಿಕೊಳ್ಳಬಹುದು.