ವಿನಾಯಿತಿಯು ಯಾರಿಗೆ?

ಎರಡು ತಿಂಗಳು ಮೀರಿದ ಗರ್ಭಿಣಿಯಿಂದ ದೋಣಿಯ ಸುಂಕವನ್ನು ಕೊಳ್ಳಲಾಗದೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯವು ವಿಧಿಸಿರುವುದು ವಾಚಕರಿಗೆ ವಿದಿತವೇ ಇದೆ. ಅಲ್ಲಿ ವಿನಾಯಿತಿಯು ಗರ್ಭಿಣಿಗೆ ದೊರೆಯಿತು. ನಮ್ಮ ಕಾಲದ ಕಾಯಿದೆಗಳಲ್ಲಿ ಅದು ಹೊಲದೊಡೆಯನಿಗೆ ದೊರೆತಿತು.

1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಡಾ. ಅಂಬೇಡಕರರು ಹೆರಿಗೆ ಸೌಲಭ್ಯದ ಮಸೂದೆಯನ್ನು ಸಮರ್ಥಿಸಿದರು. 1929ರಲ್ಲಿ ಅದು ಕಾಯಿದೆಯಾಯಿತು. ಆಗ ನಮ್ಮ ಹುನಗುಂದವು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಗೆ ಸೇರಿದ್ದಿತು. ಆದರೆ ಆ ಕಾಯಿದೆಯು ಕಾರ್ಖಾನೆಯ ಹೆಂಗಸರಿಗೆ ಮಾತ್ರ. ಎರೆಹೊಲದಲ್ಲಿ ಜೋಳ ಕೊಯ್ಯುವವರಿಗಲ್ಲ. 1961ರ ಕೇಂದ್ರ ಕಾಯಿದೆಯು ಕಾರ್ಖಾನೆ, ಗಣಿಗಳೊಡನೆ ತೋಟಗಳನ್ನೂ ಸೇರಿಸಿಕೊಂಡು, ಒಕ್ಕಲುತನವನ್ನು ರಾಜ್ಯಗಳ ಇಚ್ಛೆಗೆ ಬಿಟ್ಟಿತು. ಕೊಡಗಿನ ಕಾಫಿ ತೋಟದವಳಿಗೆ ಹನ್ನೆರಡು ವಾರಗಳ ಸಂಬಳಸಹಿತ ಬಿಡುವು ಸಲ್ಲತಕ್ಕುದಾಯಿತು. ಹುನಗುಂದದ ಕೂಲಿಯವಳಿಗೆ ಇಲ್ಲ.

ಕಾರಣವು ಸ್ಪಷ್ಟವಾಗಿದೆ. ಒಬ್ಬನೇ ಧಣಿಯಲ್ಲಿ 160 ದಿನ ದುಡಿದಿರಬೇಕೆಂದು ಆ ಕಾಯಿದೆಯು ಮೊದಲಿಗೆ ವಿಧಿಸಿತ್ತು. ಕೂಲಿಯವಳಿಗಾದರೋ ಇಂದು ಒಬ್ಬರ ಹೊಲ, ನಾಳೆ ಮತ್ತೊಬ್ಬರದು. ಮಳೆ ತಪ್ಪಿದ ವರ್ಷ ಸಣ್ಣ ಒಕ್ಕಲಿಗನೂ ಆಕೆಯಷ್ಟೇ ಬಡವನು. ಅವನ ಮೇಲೆ ಈ ಭಾರವನ್ನು ಹೊರಿಸುವುದು ನ್ಯಾಯವಲ್ಲ. ಆದರೆ ಧಣಿಯನ್ನು ಬಿಟ್ಟ ಮಾತ್ರಕ್ಕೆ ತಾಯಿಯನ್ನೂ ಕೈಬಿಡಬೇಕೇ?

2017ರಲ್ಲಿ ಕಾಯಿದೆಯ ಬಿಡುವು 26 ವಾರಗಳಿಗೆ ಏರಿತು. ಅದೇ ವರ್ಷ ಕೇಂದ್ರವು ಆರಂಭಿಸಿದ ಮಾತೃವಂದನಾ ಯೋಜನೆಯಲ್ಲಿ ಚೊಚ್ಚಲ ಹೆರಿಗೆಗೆ ಗೊತ್ತಾದುದು 5,000 ರೂಪಾಯಿ. ಇದು ನೆರವು ಅಹುದು. ಕಳೆದ ಕೂಲಿಗೆ ಸಮನಲ್ಲ. ಸ್ಮೃತಿಕಾರನು ಸುಂಕದ ಆ ವಿಧಿಯನ್ನು ಹೇಳಿದುದು ರಾಜಧರ್ಮದ ಪ್ರಕರಣದಲ್ಲಿ. ಆದುದರಿಂದ ಹೊಲದ ಬಾಣಂತಿಯ ಕೂಲಿಯು ಸರಕಾರದ ಬೊಕ್ಕಸದಿಂದಲೇ ಬರತಕ್ಕದ್ದು.