ಶತತಂತ್ರಿಯೂ ಸಂತೂರೂ

ಕಾಶ್ಮೀರದ ಸಂತೂರು ವೇದಕಾಲದ ಶತತಂತ್ರೀವೀಣೆಯ ಸಂತತಿಯೆಂದು ಹೇಳುವ ವಾಡಿಕೆಯುಂಟು. ಮಹಾವ್ರತದಲ್ಲಿ ನುಡಿಸುತ್ತಿದ್ದ ‘ವಾಣ’ವೆಂಬ ವಾದ್ಯಕ್ಕೆ ನೂರು ತಂತಿಗಳಿದ್ದುವೆಂದು ತೈತ್ತಿರೀಯ ಸಂಹಿತೆಯಿಂದ ತಿಳಿದುಬರುವುದು. ಕಾಶ್ಮೀರದ ಸಂತೂರಿಗೂ 25 ಕುದುರೆಗಳ ಮೇಲೆ ನಾಲ್ಕು ನಾಲ್ಕರಂತೆ ನೂರು ತಂತಿಗಳೇ. ಆದರೆ ಸಂಖ್ಯಾಸಾಮ್ಯವೊಂದೇ ವಂಶಕ್ಕೆ ಪ್ರಮಾಣವಾಗಲಾರದು. ಇರಾನಿನಲ್ಲಿ ಇದೇ ಹೆಸರಿನ, ಎರಡು ಸಣ್ಣ ಕೋಲುಗಳಿಂದ ಹೊಡೆದು ನುಡಿಸುವ ವಾದ್ಯವುಂಟು. ಅದಕ್ಕೆ 72 ತಂತಿಗಳು. ಕಾಶ್ಮೀರದಲ್ಲಿ ಸಂತೂರು ನೆಲೆನಿಂತುದೂ ಪಾರಸಿಕ ಸಂಪ್ರದಾಯಕ್ಕೆ ಹತ್ತಿರವಾದ ಸೂಫಿಯಾನಾ ಗೋಷ್ಠಿಗಳಲ್ಲಿಯೇ. ಹೆಸರು, ನುಡಿಸುವ ಕ್ರಮ, ಗೋಷ್ಠಿ ಈ ಮೂರೂ ಪಶ್ಚಿಮದ ಕಡೆಗೆ ಬೆರಳು ತೋರುತ್ತವೆ.

ಮೂಲವು ಎಲ್ಲಿಯದೇ ಆಗಲಿ, ವಾದ್ಯವನ್ನು ಹಿಂದೂಸ್ತಾನಿ ರಾಗಗಳಿಗೆ ಒಗ್ಗಿಸಿದುದು ಬೇರೊಂದು ಪರಿಶ್ರಮವು. ಪಂಡಿತ ಶಿವಕುಮಾರ ಶರ್ಮರು (1938–2022) 1955ರಲ್ಲಿ ಮುಂಬಯಿಯಲ್ಲಿ ಇದನ್ನು ನುಡಿಸಿದರು. ಹೊಡೆದ ಸ್ವರಗಳು ಬಿಡಿಬಿಡಿಯಾಗಿ ನಿಲ್ಲುವುದರಿಂದ ಇದರಲ್ಲಿ ಮೀಂಡು ಸಾಧ್ಯವಿಲ್ಲವೆಂದು ವಿಮರ್ಶಕರು ಆಕ್ಷೇಪಿಸಿದರು. ಶರ್ಮರು ತಂತಿಗಳನ್ನು ಕಡಮೆಮಾಡಿ, ಶ್ರುತಿಕ್ರಮವನ್ನು ಬದಲಿಸಿ, ವಾದ್ಯವನ್ನು ತೊಡೆಯ ಮೇಲಿರಿಸಿಕೊಂಡು, ಕೋಲನ್ನು ತಂತಿಯ ಮೇಲೆ ಮೆಲ್ಲನೆ ಜಾರಿಸುತ್ತ ನಾದದ ಸಾತತ್ಯವನ್ನು ಸಾಧಿಸಿದರು. ಸಂತೂರಿನ ಭಾರತೀಯತ್ವಕ್ಕೆ ನೂರು ತಂತಿಗಳ ಲೆಕ್ಕಕ್ಕಿಂತ ಈ ಸಾಧನೆಯೇ ಬಲವಾದ ಸಾಕ್ಷಿಯೆನ್ನಬೇಕು.