ನರತಂತುವಿನಿಂದ ಒತ್ತಕ್ಷರದವರೆಗೆ

ದೊಡ್ಡಬಳ್ಳಾಪುರ ತಾಲ್ಲೂಕಿನ ಬಾಶೆಟ್ಟಿಹಳ್ಳಿಯ ಹೆಸರನ್ನು ‘ಬಾಶೆಟ್ಟಹಳ್ಳಿ’ ಎಂದು ಬರೆಯುವವರೂ ಇದ್ದಾರೆ. ಒಮ್ಮೆ ವಿದ್ಯಾರ್ಥಿಗಳ ವಿಳಾಸಪಟ್ಟಿಯಲ್ಲಿ ಈ ಊರಿನವರನ್ನು ಗಣಕದಿಂದ ಹುಡುಕಿಸಿದಾಗ, ಎರಡನೆಯ ರೀತಿಯಲ್ಲಿ ಬರೆದಿದ್ದವರೆಲ್ಲ ಬಿಟ್ಟುಹೋದರು. ಗಣಕಕ್ಕೆ ಊರು ಗೊತ್ತಿಲ್ಲ, ಸಂಕೇತಗಳ ಸರಣಿ ಮಾತ್ರ ಗೊತ್ತು. ಒಂದೇ ಪದದ ಬದಲು ಪದಗಳ ವಿನ್ಯಾಸವನ್ನೇ ಕೊಟ್ಟು ಹುಡುಕಿಸುವ ಉಪಾಯವೇ ರೆಗ್ಯುಲರ್ ಎಕ್ಸ್‌ಪ್ರೆಶನ್.

ಇದರ ಮೂಲ ಗಣಕದಲ್ಲಿಲ್ಲ, ನರವಿಜ್ಞಾನದಲ್ಲಿದೆ ಎಂಬುದು ಸ್ವಾರಸ್ಯ. 1943ರಲ್ಲಿ ಮೆಕಲಕ್ ಮತ್ತು ಪಿಟ್ಸ್ ನರಕೋಶಗಳ ಜಾಲಕ್ಕೆ ಗಣಿತೀಯ ಮಾದರಿಯೊಂದನ್ನು ರಚಿಸಿದರು. ಇಂಥ ಜಾಲ ಯಾವ ಯಾವ ಘಟನಾ ಸರಣಿಗಳನ್ನು ಗುರುತಿಸಬಲ್ಲದು? 1951ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಗಾಗಿ ಈ ಪ್ರಶ್ನೆಯನ್ನು ಪರಿಶೀಲಿಸಿದ ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೇನಿ ಅಂಥವನ್ನು ‘ರೆಗ್ಯುಲರ್’ ಎಂದು ಕರೆದರು. ಅವರ ಲೇಖನ 1956ರಲ್ಲಿ ಪುಸ್ತಕವೊಂದರಲ್ಲಿ ಅಚ್ಚಾಯಿತು. ‘ಸೊನ್ನೆ ಅಥವಾ ಎಷ್ಟಾದರೂ ಬಾರಿ’ ಎಂಬ ಅರ್ಥದ ನಕ್ಷತ್ರ ಚಿಹ್ನೆ (*) ಅವರ ಕೊಡುಗೆ.

1968ರಲ್ಲಿ ಕೆನ್ ಥಾಂಪ್ಸನ್ ಈ ಸಿದ್ಧಾಂತವನ್ನು ಪಠ್ಯ ಹುಡುಕುವ ಸಾಧನವಾಗಿಸಿದರು. ಅವರ ವಿಧಾನ ವಿನ್ಯಾಸವನ್ನು ಐಬಿಎಂ 7094 ಗಣಕದ ಯಂತ್ರಭಾಷೆಗೆ ತರುತ್ತದೆ. ಸಾಧ್ಯವಿರುವ ದಾರಿಗಳನ್ನೆಲ್ಲ ಏಕಕಾಲಕ್ಕೆ ಅನುಸರಿಸುತ್ತ, ಪಠ್ಯವನ್ನು ಒಂದೇ ಸಲ ಓದಿ ಮುಗಿಸುತ್ತದೆ. 1973ರ ಯುನಿಕ್ಸ್‌ನಲ್ಲಿ ಇದು ‘ಗ್ರೆಪ್’ ಆದೇಶವಾಯಿತು. 1987ರ ಪರ್ಲ್, 1991ರ ಪೈಥಾನ್ ಮುಂತಾದ ಸ್ಕ್ರಿಪ್ಟಿಂಗ್ ಭಾಷೆಗಳಿಂದ ವಿದ್ಯಾರ್ಥಿಗಳ ಕೈಗೂ ಬಂದಿತು.

ಈಗ ನಮ್ಮ ಊರಿಗೆ ಮರಳೋಣ. ‘?’ ಚಿಹ್ನೆ, ತನ್ನ ಹಿಂದಿನ ಸಂಕೇತ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎನ್ನುತ್ತದೆ. ‘ಬಾಶೆಟ್ಟಿ?ಹಳ್ಳಿ’ ಎಂದು ಬರೆದರೆ ಎರಡೂ ರೂಪಗಳು ಸಿಗುತ್ತವೆ. ಕಾರಣವನ್ನು ಗಮನಿಸಿ: ಐಚ್ಛಿಕವಾಗುವುದು ‘ಟ್ಟಿ’ ಅಲ್ಲ, ಅದರ ಕೊನೆಯ ಗುಡಿಸು ಮಾತ್ರ. ಯೂನಿಕೋಡ್‌ನಲ್ಲಿ ವ್ಯಂಜನ, ಸ್ವರಚಿಹ್ನೆ, ಹಲಂತ (್) ಇವು ಬೇರೆ ಬೇರೆ ಸಂಕೇತಗಳು. ಕಣ್ಣಿಗೆ ಐದು ಅಕ್ಷರಗಳಾಗಿ ಕಾಣುವ ಬಾಶೆಟ್ಟಿಹಳ್ಳಿ ಗಣಕಕ್ಕೆ 13 ಸಂಕೇತಗಳು.

ತೊಡಕು ಹುಟ್ಟುವುದೂ ಇಲ್ಲಿಯೇ. ಪದವನ್ನು ಗುರುತಿಸಲು ‘ಬ್ಯಾಕ್‌ಸ್ಲ್ಯಾಷ್ ಡಬ್ಲ್ಯು’ ಎಂಬ ಸಂಕ್ಷಿಪ್ತ ರೂಪವಿದೆ. ಪೈಥಾನ್‌ನ ಅಂತರ್ಗತ ಸೌಲಭ್ಯದಲ್ಲಿ ಅದು ಸ್ವರಚಿಹ್ನೆಯನ್ನೂ ಹಲಂತವನ್ನೂ ಅಕ್ಷರವೆಂದು ಒಪ್ಪುವುದಿಲ್ಲ. ಹಾಗಾಗಿ ಪದಗಳನ್ನು ಬಿಡಿಸಲು ಹೇಳಿದರೆ ನಮ್ಮ ಊರು ‘ಬ, ಶ, ಟ, ಟ, ಹಳ, ಳ’ ಎಂದು ಆರು ಚೂರಾಗುತ್ತದೆ! ದೋಷಸೂಚನೆಯೇನೂ ಬರದು. ಈ ಬಗೆಯ ಎಣಿಕೆಯನ್ನು ನಂಬಿದ ಕನ್ನಡ ಪದಪಟ್ಟಿ ಸದ್ದಿಲ್ಲದೆ ತಪ್ಪಾಗುತ್ತದೆ. ಯೂನಿಕೋಡ್‌ನ ಶಿಫಾರಸಿನಂತೆ ಈ ಚಿಹ್ನೆಗಳೂ ಪದದ ಭಾಗ. ಪರ್ಲ್ ಹಾಗೆಯೇ ಪರಿಗಣಿಸುತ್ತದೆ.

ಪರಿಹಾರವಿರುವುದು ನಮ್ಮ ವರ್ಣಮಾಲೆಯ ಪಾಠದಲ್ಲಿ. ವ್ಯಂಜನದಿಂದ ಆರಂಭವಾಗುವ ಕನ್ನಡ ಅಕ್ಷರವನ್ನು ಹೀಗೆ ಬರೆಯಬಹುದು:

ವ್ಯಂಜನ (ಹಲಂತ ವ್ಯಂಜನ)* ಸ್ವರಚಿಹ್ನೆ?

‘ಕ’ದಲ್ಲಿ ಆವರಣದ ಭಾಗ ಸೊನ್ನೆ ಬಾರಿ, ‘ಟ್ಟಿ’ಯಲ್ಲಿ ಒಂದು ಬಾರಿ, ‘ಸ್ತ್ರೀ’ಯಲ್ಲಿ ಎರಡು ಬಾರಿ ಬರುತ್ತದೆ. ನರಜಾಲಕ್ಕಾಗಿ ಹುಟ್ಟಿದ ಕ್ಲೇನಿಯವರ ನಕ್ಷತ್ರ ಒತ್ತಕ್ಷರಕ್ಕೂ ಸರಿಯಾಗಿ ಹೊಂದುತ್ತದೆ. ವಿದ್ಯಾರ್ಥಿಗಳು ತಂತಮ್ಮ ಊರಿನ ಹೆಸರನ್ನು ಮೊದಲು ಕಾಗದದ ಮೇಲೆ ಬಿಡಿಸಿ, ಅನಂತರ ಗಣಕದಲ್ಲಿ ತಾಳೆ ನೋಡಲಿ. ಉಪಕರಣದ ಅಳತೆಯನ್ನು ನಂಬುವ ಮೊದಲು ಅದು ಅಳೆಯುತ್ತಿರುವುದೇನೆಂದು ತಿಳಿಯಬೇಕಲ್ಲವೇ?